ಊರುಗೋಲು ತಂದುಕೊಡುವ ಕರಿಯ

ಕಾಲು ತೆಗೆಸಿಕೊಂಡವರು ನನ್ನ ಬಳಿ ಬಂದಾಗ ಮೊದಲು ಕೇಳುವುದು ಇದನ್ನೇ: 'ರಾತ್ರಿ ಎದ್ದಾಗ ಬಿದ್ದಿದ್ದೀರಾ?' ಹೌದು ಎನ್ನುವವರೇ ಹೆಚ್ಚು. ನಿದ್ದೆಗಣ್ಣಲ್ಲಿ ಮೂತ್ರಕ್ಕೆಂದು ಏಳುತ್ತಾರೆ, ಇಲ್ಲದ ಕಾಲನ್ನು ನೆಲಕ್ಕೆ ಊರಲು ಹೋಗುತ್ತಾರೆ. ಮಿದುಳಿನೊಳಗಿನ ಶರೀರದ ನಕ್ಷೆಯಲ್ಲಿ ಆ ಕಾಲು ಇನ್ನೂ ಹಾಗೇ ಇರುತ್ತದೆ. ಹೊಲಿಗೆ ಹಾಕಿದ ಜಾಗಕ್ಕೇ ಪೆಟ್ಟು ಬಿದ್ದರೆ ಕೃತಕ ಕಾಲು ತೊಡುವ ದಿನ ಮತ್ತಷ್ಟು ದೂರ ಹೋಗುತ್ತದೆ.

ಹಾಸನದಲ್ಲಿ ಫಿಸಿಯೋಥೆರಪಿ ಮಾಡುವ ನನಗೆ ಈ ವಿಷಯದಲ್ಲಿ ಕಣ್ಣು ತೆರೆಸಿದ್ದು ಸಕಲೇಶಪುರದ ಕಡೆಯ ಒಬ್ಬ ಬೆಳೆಗಾರರ ಮನೆಯ ನಾಯಿ ಕರಿಯ. ಯಜಮಾನರಿಗೆ ಹಳೆಯ ಶುಗರ್. ಪಾದದ ಸ್ಪರ್ಶಜ್ಞಾನ ಹೋಗಿತ್ತು, ಗಂಬೂಟು ಉಜ್ಜಿ ಆದ ಗಾಯ ನೋಯಲೇ ಇಲ್ಲ. ಗ್ಯಾಂಗ್ರೀನ್ ಆಗಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಆಮೇಲೆ ಮನೆಮಂದಿಯೆಲ್ಲ ಅವರ ಸೇವೆಗೆ ನಿಂತರು. ನೀರು ಕೈಗೆ, ಊಟ ಮಂಚಕ್ಕೆ. ಎಲ್ಲವೂ ಪ್ರೀತಿಯಿಂದಲೇ. ಆದರೆ ದಿನವಿಡೀ ಮಂಡಿ ಮಡಚಿ ಕೂತರೆ, ಅದರಡಿ ದಿಂಬು ಇಟ್ಟುಕೊಂಡರೆ, ಮಂಡಿ ಹಾಗೇ ಬಿಗಿದುಕೊಳ್ಳುತ್ತದೆ. ಬಿಗಿದ ಮಂಡಿಗೆ ಕೃತಕ ಕಾಲು ಸರಿಯಾಗಿ ಕೂರುವುದಿಲ್ಲ. ದಿನಕ್ಕೆರಡು ಮೂರು ಸಲ ಬೋರಲು ಮಲಗಿ ಎಂದರೂ ಕೇಳುತ್ತಿರಲಿಲ್ಲ. ಅವರನ್ನು ಮಂಚದಿಂದ ಎಬ್ಬಿಸಿದ್ದು ಕರಿಯ. ದಿನಾ ಅವರ ಕೈಯಲ್ಲೇ ಅನ್ನ ತಿನ್ನುತ್ತಿದ್ದವನು, ಬೇರೆಯವರು ಹಾಕಿದ್ದನ್ನು ಅರೆಬರೆ ತಿಂದು ಬಂದು ಮಂಚದ ಪಕ್ಕ ಕೂರುತ್ತಿದ್ದ. 'ಇವ್ನಿಗಾದ್ರೂ ನಾನು ಬೇಕಲ್ಲ ಮೇಡಂ' ಎಂದರು ಒಂದು ದಿನ. ವಾಕರ್ ಹಿಡಿದು ಹಿತ್ತಿಲ ಬಾಗಿಲವರೆಗೆ ಮೊದಲ ಸಲ ನಡೆದದ್ದು ಅವನಿಗೆ ಅನ್ನ ಹಾಕುವುದಕ್ಕೆ. ಎಲ್ಲರಿಂದ ಸೇವೆ ಪಡೆಯುವ ಮನುಷ್ಯನಿಗೆ ತನ್ನನ್ನು ನೆಚ್ಚಿಕೊಂಡ ಒಂದು ಜೀವ ಇರುವುದು ಎಷ್ಟು ದೊಡ್ಡದು ಎಂದು ನನಗೆ ಅರ್ಥವಾದದ್ದು ಅಂದು.

ಊನವಿರುವವರಿಗೆ ನೆರವಾಗಲೆಂದೇ ತರಬೇತಾದ ನಾಯಿ, ಅಂದರೆ ಸರ್ವಿಸ್ ಡಾಗ್, ಎಂದರೆ ಇಷ್ಟೇ ಅಲ್ಲ. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ದಾರಿ ತೋರುವ ನಾಯಿಗಳ ಶಾಲೆ 1916ರಲ್ಲೇ ಜರ್ಮನಿಯ ಓಲ್ಡೆನ್‌ಬರ್ಗ್‌ನಲ್ಲಿ ಶುರುವಾಯಿತು. ಕೈಕಾಲು ಊನವಾದವರಿಗೆ ನೆರವಾಗುವ ನಾಯಿಗಳನ್ನು ಕ್ಯಾಲಿಫೋರ್ನಿಯಾದ ಒಂದು ಸಂಸ್ಥೆ 1975ರಿಂದ ತಯಾರು ಮಾಡುತ್ತಿದೆ. ಹೆಚ್ಚಾಗಿ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್. ಬಿದ್ದ ವಸ್ತು ಎತ್ತಿಕೊಡುವುದು, ಬಾಗಿಲು ಎಳೆಯುವುದು, ಯಜಮಾನ ಬಿದ್ದರೆ ಬೊಗಳಿ ಜನ ಕರೆಯುವುದು ಎಲ್ಲ ಕಲಿಯಲು ಒಂದೂವರೆ ಎರಡು ವರ್ಷ ಹಿಡಿಯುತ್ತದೆ. ನಮ್ಮ ಕಡೆ ಅಂಥ ನಾಯಿ ಸಿಗುವುದು ತೀರಾ ಅಪರೂಪ. ಹಾಗಾಗಿ ಕರಿಯನಿಗೇ ಎರಡು ಕೆಲಸ ಕಲಿಸಿದೆವು.

ಊರುಗೋಲು ಹಿಡಿದವರಿಗೆ ಎರಡೂ ಕೈ ಕಟ್ಟಿದಂತೆ. ಗೋಡೆಗೆ ಒರಗಿಸಿಟ್ಟ ಕೋಲು ಜಾರಿ ಬಿದ್ದರೆ ಬಗ್ಗಿ ಎತ್ತಿಕೊಳ್ಳಲಾಗದೆ, ಯಾರಾದರೂ ಬರುವವರೆಗೆ ಕೂತೇ ಇರಬೇಕು. ಕೋಲಿನ ಹಿಡಿಗೆ ಹಳೆಯ ಟವೆಲ್ ಸುತ್ತಿದೆವು, ಅಲ್ಯೂಮಿನಿಯಂ ಕಚ್ಚುವುದು ನಾಯಿಗೆ ಹಿತವಲ್ಲ. ಮೂಗು ತಾಗಿಸಿದರೆ ಒಂದು ಚೂರು ಚಪಾತಿ. ಅದು ರೂಢಿಯಾದ ಮೇಲೆ ಬಾಯಲ್ಲಿ ಹಿಡಿದರೆ ಮಾತ್ರ, ಆಮೇಲೆ ಒಂದು ಹೆಜ್ಜೆ ಎಳೆದು ತಂದರೆ ಮಾತ್ರ. ಬೈಯುವಂತಿಲ್ಲ, ಹೊಡೆಯುವಂತಂತೂ ಇಲ್ಲವೇ ಇಲ್ಲ. ಕಾಫಿ ಕೊಯ್ಲು ಮುಗಿಯುವಷ್ಟರಲ್ಲಿ 'ತಾ' ಎಂದರೆ ಕೋಲು ಕೈಗೆ ಬರುತ್ತಿತ್ತು.

ಎರಡನೆಯದು ರಾತ್ರಿಯದು. ಕರಿಯನ ಗೋಣಿಚೀಲವನ್ನು ಕಾಲಿಡುವ ಜಾಗದಿಂದ ಸರಿಸಿ ಮಂಚದ ತುದಿಗೆ ಹಾಕಿ, ಕೊರಳಿಗೆ ಗೆಜ್ಜೆ ಕಟ್ಟಿದೆವು. ಇವರು ಎದ್ದು ಕೂತರೆ ಅವನೂ ಏಳುತ್ತಾನೆ, ಗೆಜ್ಜೆ ಸದ್ದಾಗುತ್ತದೆ. 'ಆ ಸದ್ದಿಗೆ ನೆನಪಾಗ್ಬಿಡುತ್ತೆ, ಕಾಲಿಲ್ಲ ಅಂತ' ಎನ್ನುತ್ತಾರೆ.

ನಾಯಿಯ ಮೇಲೆ ಎಂದೂ ಭಾರ ಹಾಕಬೇಡಿ. ಮನುಷ್ಯನ ತೂಕ ಹೊರಲು ಅದರ ಬೆನ್ನು ಆಗಿಲ್ಲ. ಭಾರ ಕೋಲಿನ ಮೇಲಿರಲಿ. ಹಾರುವ, ಕಾಲಿಗೆ ಅಡ್ಡ ಬರುವ ಅಭ್ಯಾಸ ಬಿಡಿಸದೆ ಜೊತೆಯಲ್ಲಿ ನಡೆಸಲೇಬೇಡಿ. ಕತ್ತರಿಸಿದ ಜಾಗವನ್ನು ನೆಕ್ಕಲು ಬಿಡಬಾರದು: ನಾಯಿಯ ಜೊಲ್ಲಿನ ಬ್ಯಾಕ್ಟೀರಿಯಾ ಶುಗರ್ ಇರುವವರ ಗಾಯಕ್ಕೆ ಸೇರಿದರೆ ಅಪಾಯ. ರೇಬಿಸ್ ಲಸಿಕೆ ತಪ್ಪಿಸಬೇಡಿ. ಮಲೆನಾಡಿನಲ್ಲಿ ನಾಯಿಯ ಮೈಗೆ ಹತ್ತುವ ಉಣ್ಣಿಯನ್ನೂ ನೋಡಿಕೊಳ್ಳಬೇಕು.

ಇಲ್ಲದ ಪಾದದ ನೋವನ್ನು ನಾಯಿ ವಾಸಿ ಮಾಡುವುದಿಲ್ಲ. ಅದಕ್ಕೆ ಔಷಧಿಯಿದೆ, 1990ರ ದಶಕದಲ್ಲಿ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ತೋರಿಸಿಕೊಟ್ಟ, ಇರುವ ಕಾಲಿನ ಬಿಂಬವನ್ನು ಕನ್ನಡಿಯಲ್ಲಿ ನೋಡುತ್ತಾ ಮಾಡುವ ಕನ್ನಡಿ ಚಿಕಿತ್ಸೆಯಿದೆ. ಆದರೂ ಒಂದು ಮಧ್ಯಾಹ್ನ ಕರಿಯ ಮಂಚ ಹತ್ತಿ, ಪಾದ ಇರಬೇಕಿದ್ದ ಖಾಲಿ ಜಾಗದಲ್ಲಿ ಮಲಗಿದ್ದ. 'ಸರಿಯೋ, ಕಾಲು ಜೋಮು ಹಿಡೀತು' ಎಂದು ಗದರಿದವರು, ಮರುಕ್ಷಣ ಅವನ ತಲೆ ಸವರುತ್ತಾ ಅತ್ತುಬಿಟ್ಟರು. ಆಪರೇಷನ್ ಆದಮೇಲೆ ಅವರು ಅತ್ತದ್ದನ್ನು ಮನೆಯವರು ನೋಡಿದ್ದು ಅದೇ ಮೊದಲು. ನಾನು ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ.

ಕೃತಕ ಕಾಲಿನ ಅಳತೆ ಈಗ ಮುಗಿದಿದೆ. ಕಾಲು ಕೈಗೆ ಬಂದ ದಿನವೇ ತೊಟ್ಟು ನಡೆಯಬೇಡಿ, ಮೊದಲು ಜಗಲಿಯಲ್ಲಿಟ್ಟು ಎರಡು ದಿನ ಕರಿಯ ಮೂಸಲಿ ಎಂದು ಹೇಳಿ ಕಳಿಸಿದ್ದೇನೆ. ಅದರ ಟಕ್ ಟಕ್ ಸದ್ದು ಅವನಿಗೆ ಹೊಸದು. ಆಮೇಲೆ ಒಂದು ಹೆಜ್ಜೆ ದೂರ ಬಿಟ್ಟು ಪಕ್ಕದಲ್ಲಿ ನಡೆಯುವುದನ್ನು ಕಲಿಸಬೇಕು, ಚಪಾತಿ ಚೂರಿನಿಂದಲೇ.