ಪ್ಯಾನ್ ಬಿಚ್ಚದೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಬದಲಿಸುವುದು: ನನ್ನ ಟಿಪ್ಪಣಿ

ಮೋಟಾರ್ ಮೆಕ್ಯಾನಿಕ್ ಕಲಿಯುತ್ತಿರುವ ನಮ್ಮ ಬ್ಯಾಚಿನವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉಡುಪಿಯ ನಮ್ಮ ಮನೆಯಂಗಳದಲ್ಲಿ ಚಿಕ್ಕಪ್ಪನ ಹಳೆಯ, ನಾಲ್ಕು ಗೇರಿನ ಆಟೋಮ್ಯಾಟಿಕ್ ಕಾರಿಗೆ ವಾರಕ್ಕೊಮ್ಮೆಯಂತೆ ಗೇರ್‌ಬಾಕ್ಸಿನ ಅಡಿಯ ತಟ್ಟೆಯನ್ನು, ಅಂದರೆ ಪ್ಯಾನ್ ಅನ್ನು, ಬಿಚ್ಚದೆ ಮೂರು ಸಲ ಆಯಿಲ್ ಬದಲಿಸಿದೆವು. ಪ್ರತಿ ಸಲ ಎಷ್ಟು ಇಳಿಯಿತು, ಎಷ್ಟು ಹಾಕಿದೆವು ಎಂದು ಬರೆದಿಟ್ಟ ಪುಸ್ತಕವೇ ಈ ಟಿಪ್ಪಣಿಯ ಮೂಲ.

ಮೊದಲು ನಿಮ್ಮೆದುರು ಇರುವುದು ಯಾವ ಗೇರ್‌ಬಾಕ್ಸ್ ಎಂದು ಖಚಿತ ಮಾಡಿಕೊಳ್ಳಿ. ಕ್ಲಚ್ ಪೆಡಲ್ ಇಲ್ಲದ್ದೆಲ್ಲ ಒಂದೇ ಜಾತಿಯಲ್ಲ. ಎಎಂಟಿ ಎಂದರೆ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸಿಗೆ ಕ್ಲಚ್ ಒತ್ತಿ ಗೇರ್ ಹಾಕುವ ಯಂತ್ರ ಕೂಡಿಸಿದ್ದು. ಅದಕ್ಕೆ ಬೇಕಾದದ್ದು ಗೇರ್ ಆಯಿಲ್. ಬೆಲ್ಟ್ ಮತ್ತು ಪುಲ್ಲಿಯಿಂದ ನಡೆಯುವ ಸಿವಿಟಿಗೆ ಅದರದ್ದೇ ಬೇರೆ ಆಯಿಲ್. ಎರಡು ಕ್ಲಚ್ಚಿನ ಡಿಸಿಟಿಯೂ ಬೇರೆಯೇ. ಇಲ್ಲಿ ಹೇಳುವುದೆಲ್ಲ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ, ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಹಾಕುವ ಗೇರ್‌ಬಾಕ್ಸಿಗೆ ಮಾತ್ರ.

ಪ್ಲಗ್ ತೆಗೆದರೂ ಪೂರ್ತಿ ಏಕೆ ಇಳಿಯುವುದಿಲ್ಲ

ಎಂಜಿನ್ ಆಯಿಲ್‌ನ ಡ್ರೇನ್ ಪ್ಲಗ್ ತೆಗೆದರೆ ಹೆಚ್ಚುಕಡಿಮೆ ಎಲ್ಲ ಇಳಿಯುತ್ತದೆ. ಗೇರ್‌ಬಾಕ್ಸಿನಲ್ಲಿ ಹಾಗಾಗುವುದಿಲ್ಲ. ಪ್ಯಾನ್‌ನಲ್ಲಿ ನಿಂತದ್ದು ಮಾತ್ರ ಇಳಿದು, ಟಾರ್ಕ್ ಕನ್ವರ್ಟರ್, ಕ್ಲಚ್ ಡ್ರಮ್‌ಗಳು, ಆಯಿಲನ್ನು ಬೇಕಾದ ಕಡೆ ತಿರುಗಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳು ಮತ್ತು ಆಯಿಲ್ ತಣಿಸುವ ಕೂಲರ್‌ನ ಪೈಪಿನಲ್ಲಿ ಇದ್ದದ್ದು ಅಲ್ಲೇ ಉಳಿಯುತ್ತದೆ. ಕನ್ವರ್ಟರ್ ಒಂದರಲ್ಲೇ ಲೀಟರ್‌ಗಟ್ಟಲೆ ಇರುತ್ತದೆ, ಅದಕ್ಕೆ ಈಗಿನ ಕಾರುಗಳಲ್ಲಿ ಸಾಮಾನ್ಯವಾಗಿ ಡ್ರೇನ್ ಪ್ಲಗ್ ಇರುವುದೇ ಇಲ್ಲ. ಹಾಗಾಗಿ ಪ್ಯಾನ್ ಬಿಚ್ಚಿದರೂ ಬಿಚ್ಚದಿದ್ದರೂ ಒಂದು ಸಲಕ್ಕೆ ಹೊರಬರುವುದು ಒಟ್ಟಿನ ಮೂರನೇ ಒಂದರಿಂದ ಅರ್ಧದಷ್ಟು.

ಮಳೆ ಶುರುವಾದಾಗ ಕಲಕಿದ ಬಾವಿಯ ನೀರನ್ನು ಪಂಪ್ ಹಾಕಿ ತೆಗೆಯುವುದನ್ನು ನೆನೆಸಿಕೊಳ್ಳಿ. ಅರ್ಧ ತೆಗೆಯುವಷ್ಟರಲ್ಲಿ ಒರತೆಯ ಹೊಸ ನೀರು ಬಂದು ಉಳಿದ ಕೆಸರಿನ ಜೊತೆ ಬೆರೆಯುತ್ತದೆ. ಎರಡನೇ ಸಲ ತೆಗೆದಾಗ ಹೋಗುವುದು ಬರೀ ಕೆಸರಲ್ಲ, ಬೆರೆತ ನೀರು. ಗೇರ್‌ಬಾಕ್ಸಿನ ಲೆಕ್ಕವೂ ಇದೇ. ಒಟ್ಟು 6 ಲೀಟರ್ ಹಿಡಿಯುತ್ತದೆ, ಪ್ಲಗ್‌ನಿಂದ 2.5 ಲೀಟರ್ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಸಲದ ನಂತರ ಒಳಗಿರುವ ಹಳೆಯದರ ಪಾಲು ಶೇ. 58. ಎರಡನೆಯದರ ನಂತರ ಶೇ. 34, ಮೂರನೆಯದರ ನಂತರ ಶೇ. 20, ನಾಲ್ಕನೆಯದರ ನಂತರ ಶೇ. 12. ಮೂರಕ್ಕೆ ಖರ್ಚಾಗುವ ಹೊಸ ಆಯಿಲ್ 7.5 ಲೀಟರ್, ನಾಲ್ಕಕ್ಕೆ 10. ಕೊನೆಯ 2.5 ಲೀಟರ್ ಸುರಿದು ಸಿಗುವ ಲಾಭ ಶೇ. 8 ಮಾತ್ರ. ಆದ್ದರಿಂದ ಮೂರಕ್ಕೆ ನಿಲ್ಲಿಸುವುದು ಸರಿ ಎಂಬುದು ನನ್ನ ತೀರ್ಮಾನ. ಒಂದೇ ಸಲ ಮಾಡಿ ‘ಆಯಿಲ್ ಬದಲಿಸಿಯಾಯಿತು’ ಎಂದು ಸರ್ವಿಸ್ ಪುಸ್ತಕದಲ್ಲಿ ಬರೆಯುವುದು ಮಾತ್ರ ತಪ್ಪು.

ನಡುವೆ ಆಯಿಲ್ ಬೆರೆಯಲು ಬಹಳ ದೂರದ ಓಟ ಬೇಕಿಲ್ಲ, ಎಲ್ಲ ಗೇರ್ ಬಿದ್ದೇಳುವಂತೆ ಅರ್ಧ ಗಂಟೆ ಓಡಿಸಿದರೆ ಸಾಕು. ನಾವು ವಾರ ಬಿಟ್ಟದ್ದು ಲೀಕ್ ಬರುತ್ತದೋ, ಗೇರ್ ಬೀಳುವ ರೀತಿ ಬದಲಾಗುತ್ತದೋ ಎಂದು ನೋಡುವುದಕ್ಕೆ.

ಯಾವ ಆಯಿಲ್

ಕೆಂಪಗಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಆ ಬಣ್ಣ ಬೆರೆಸುವುದು ಲೀಕ್ ಆದರೆ ಎಂಜಿನ್ ಆಯಿಲ್‌ನಿಂದ ಬೇರೆ ಮಾಡಿ ಗುರುತಿಸಲು. ಕ್ಲಚ್ ಪ್ಲೇಟುಗಳು ಎಷ್ಟು ಜಾರಿ ಎಷ್ಟು ಹಿಡಿಯಬೇಕು ಎಂಬುದನ್ನು ಆಯಿಲ್‌ಗೆ ಬೆರೆಸಿದ ರಾಸಾಯನಿಕಗಳೇ ನಿರ್ಧರಿಸುತ್ತವೆ, ಆ ಮಿಶ್ರಣ ಒಂದೊಂದು ಕಂಪೆನಿಯದ್ದು ಒಂದೊಂದು. ಟೊಯೋಟಾದ ಟಿ-4 ಆಯಿಲ್ ಬೇಡುವ ಗೇರ್‌ಬಾಕ್ಸಿಗೆ ಅದೇ ಕಂಪೆನಿಯ ಡಬ್ಲ್ಯುಎಸ್ ಹಾಕುವಂತಿಲ್ಲ, ಹ್ಯುಂಡೈಯ ಎಸ್‌ಪಿ-3 ಬೇರೆ, ಎಸ್‌ಪಿ-4 ಬೇರೆ. ಡಬ್ಲ್ಯುಎಸ್‌ನಂಥ ಹೊಸ ಆಯಿಲ್‌ಗಳು ಹಳೆಯ ಡೆಕ್ಸ್ರಾನ್-3ಗಿಂತ ತೆಳ್ಳಗೆ. ತಪ್ಪು ಆಯಿಲ್ ಬಿದ್ದರೆ ಓಡುವಾಗ ಕಾರು ನಡುಗುವುದು ಒಂದು ಸೂಚನೆ. ಅಂಗಡಿಯವರು ‘ಇದು ಎಲ್ಲದಕ್ಕೂ ಆಗುತ್ತದೆ’ ಎಂದರೂ ಕಾರಿನ ಪುಸ್ತಕದಲ್ಲಿರುವ ಹೆಸರು ಡಬ್ಬಿಯ ಮೇಲೆ ಇದೆಯೇ ಎಂದು ಓದಿಯೇ ದುಡ್ಡು ಕೊಡಿ.

ಕೆಲಸ

ಸಪಾಟಾದ ಜಾಗ, ನಾಲ್ಕೂ ಮೂಲೆಗೆ ಸ್ಟ್ಯಾಂಡ್. ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ಹೋಗಬೇಡಿ, ಕಲ್ಲು ಕೊಟ್ಟು ನಿಲ್ಲಿಸುವುದೂ ಬೇಡ. ನಮ್ಮ ಕೆಂಪುಕಲ್ಲು ಭಾರಕ್ಕೆ ಒಡೆಯುತ್ತದೆ. ಹತ್ತು ನಿಮಿಷ ಓಡಿಸಿದ ಆಯಿಲ್ ಚೆನ್ನಾಗಿ ಇಳಿಯುತ್ತದೆ, ಆದರೆ ತುಂಬ ಬಿಸಿ ಇದ್ದರೆ ಕೈ ಸುಡುತ್ತದೆ.

ಡ್ರೇನ್ ಪ್ಲಗ್‌ಗೆ ಕೈ ಹಾಕುವ ಮೊದಲು ತುಂಬುವ ಪ್ಲಗ್ ಬಿಚ್ಚುತ್ತದೆಯೇ ನೋಡಿ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇಲ್ಲದ ಕಾರುಗಳಲ್ಲಿ ಇದು ತಪ್ಪಿಸಲೇಬಾರದ ಹೆಜ್ಜೆ. ಕಡಲ ಗಾಳಿಗೆ ಅಡಿಭಾಗದ ಪ್ಲಗ್‌ಗಳು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಕೆಳಗಿನದ್ದು ಬಿಚ್ಚಿ ಆಯಿಲ್ ಇಳಿದ ಮೇಲೆ ಮೇಲಿನದ್ದು ಬರಲಿಲ್ಲವೆಂದರೆ ಕಾರು ಅಲ್ಲಿಂದ ಅಲುಗುವಂತಿಲ್ಲ.

ಪ್ಲಗ್‌ನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದರ ಮೇಲಿನ ಬೂದು ಬಣ್ಣದ ನುಣ್ಣನೆ ಪೇಸ್ಟ್ ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಗೇರ್‌ಬಾಕ್ಸ್ ಬಿಚ್ಚುವವರಿಗೆ ತೋರಿಸಿ. ಇಳಿದ ಆಯಿಲ್ ನಸುಗೆಂಪಾಗಿ ಹಾಲು ಬೆರೆತಂತಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ: ಕೂಲರ್ ಒಳಗೊಳಗೇ ಸೋರಿರಬಹುದು, ಇಲ್ಲವೇ ಮಳೆಗಾಲದಲ್ಲಿ ಮೊಣಕಾಲುದ್ದ ನೀರಿನಲ್ಲಿ ಓಡಿಸಿ ಬ್ರೀದರ್ (ಗೇರ್‌ಬಾಕ್ಸಿನ ಗಾಳಿಯಾಡುವ ಕಿಂಡಿ) ಮೂಲಕ ನೀರು ನುಗ್ಗಿರಬಹುದು.

ಇಳಿದದ್ದನ್ನು ಗೆರೆ ಇರುವ ಬಾಟ್ಲಿಗೆ ಹುಯ್ದು ಅಳೆಯಿರಿ, ಆದರೆ ಕೂಡಲೇ ಬೇಡ. ಬಿಸಿ ಆಯಿಲ್ ಹಿಗ್ಗಿರುತ್ತದೆ: ಪ್ರತಿ ಡಿಗ್ರಿಗೆ ಸುಮಾರು ಶೇ. 0.07. 70 ಡಿಗ್ರಿಯಲ್ಲಿ ಇಳಿಸಿದ 2.5 ಲೀಟರ್ 30 ಡಿಗ್ರಿಗೆ ತಣಿದಾಗ 70 ಮಿ.ಲೀ. ಕಡಿಮೆಯಾಗಿರುತ್ತದೆ. ನೆರಳಿನಲ್ಲಿ ಹೊಸ ಡಬ್ಬಿಯ ಪಕ್ಕದಲ್ಲೇ ಇಟ್ಟು, ಎರಡೂ ಒಂದೇ ಬಿಸಿಗೆ ಬಂದ ಮೇಲೆ ಅಳೆದು, ಅಷ್ಟನ್ನೇ ಡಿಪ್‌ಸ್ಟಿಕ್ ಕೊಳವೆಗೆ ಉದ್ದದ ಫನಲ್ ಇಟ್ಟು ನಿಧಾನಕ್ಕೆ ಹಾಕಿ. ಮೊದಲೇ ಮಟ್ಟ ಕಡಿಮೆ ಇದ್ದಿದ್ದರೆ ಆ ಕೊರತೆಯನ್ನು ಆಮೇಲೆ ಡಿಪ್‌ಸ್ಟಿಕ್ ನೋಡಿ ಸರಿಮಾಡಿ. ಹೊಸದು ಸುರಿಯುವ ಮೊದಲೇ ಡ್ರೇನ್ ಪ್ಲಗ್‌ಗೆ ಹೊಸ ವಾಷರ್ ಹಾಕಿ ಬಿಗಿದಿರಬೇಕು.

ಮಟ್ಟ ನೋಡುವುದು

ಎಲ್ಲರೂ ಎಡವುವುದು ಇಲ್ಲಿ. ಆಯಿಲ್ ಹೆಚ್ಚಾದರೆ ತಿರುಗುವ ಭಾಗಗಳು ಅದನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತವೆ. ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ. ಎರಡರಲ್ಲೂ ಆಯಿಲ್‌ನ ಒತ್ತಡ ಕುಸಿದು ಕ್ಲಚ್ ಜಾರುತ್ತದೆ.

ಅಳೆಯುವ ಕ್ರಮ ಕಾರಿನಿಂದ ಕಾರಿಗೆ ಬೇರೆ. ಡಿಪ್‌ಸ್ಟಿಕ್ ಇರುವ ಟೊಯೋಟಾಗಳಲ್ಲಿ ಬಿಸಿಯಾದ ಎಂಜಿನ್ ಓಡುತ್ತಿರಬೇಕು, ಲಿವರ್ ‘ಪಿ’ಯಲ್ಲಿ. ಹಳೆಯ ಹ್ಯುಂಡೈಗಳಲ್ಲಿ ಎಂಜಿನ್ ಓಡುತ್ತಿರುವಾಗ ‘ಎನ್’ನಲ್ಲಿ. ಹೊಂಡಾದಲ್ಲಿ ಬಿಸಿ ಎಂಜಿನ್ ಆಫ್ ಮಾಡಿ 60ರಿಂದ 90 ಸೆಕೆಂಡಿನೊಳಗೆ. ಒಂದು ಕಾರಿನ ಅಭ್ಯಾಸವನ್ನು ಇನ್ನೊಂದಕ್ಕೆ ತಂದರೆ ಅಳತೆ ಸುಳ್ಳು ಹೇಳುತ್ತದೆ. ಓಡಿಸುವ ಮೊದಲು ಬ್ರೇಕ್ ಒತ್ತಿಹಿಡಿದು ಲಿವರ್ ಅನ್ನು ಪ್ರತಿ ಸ್ಥಾನದಲ್ಲೂ ಎರಡು ಮೂರು ಸೆಕೆಂಡು ನಿಲ್ಲಿಸಿ ತನ್ನಿ, ಖಾಲಿ ದಾರಿಗಳು ತುಂಬಿಕೊಳ್ಳುತ್ತವೆ.

ಡಿಪ್‌ಸ್ಟಿಕ್ ಇಲ್ಲದ ಕಾರಿನಲ್ಲಿ ಆಯಿಲ್ ನಿರ್ದಿಷ್ಟ ಬಿಸಿಗೆ ಬಂದಾಗ, ಎಂಜಿನ್ ಓಡುತ್ತಿರುವಂತೆಯೇ, ಲೆವೆಲ್ ಪ್ಲಗ್ ತೆಗೆದು ತೆಳ್ಳಗೆ ಹರಿದು ನಿಲ್ಲುವವರೆಗೆ ಬಿಡಬೇಕು. ಆ ಬಿಸಿ ಕೆಲವಕ್ಕೆ 40 ಡಿಗ್ರಿಯ ಆಸುಪಾಸು, ಕೆಲವಕ್ಕೆ 50ರಿಂದ 60. ನಮ್ಮೂರಿನ ಏಪ್ರಿಲ್ ಮಧ್ಯಾಹ್ನ ಎಂಜಿನ್ ಹಾಕುವ ಮೊದಲೇ ಆಯಿಲ್ 35ರ ಹತ್ತಿರ ಇರುತ್ತದೆ, 40ರ ಗೆರೆ ನೋಡುನೋಡುತ್ತಲೇ ದಾಟಿಹೋಗುತ್ತದೆ. ಇಂಥ ಕಾರಿನ ಕೆಲಸ ಬೆಳಗ್ಗೆ ಆರಕ್ಕೇ ಶುರುಮಾಡಿ, ಬಿಸಿ ಓದಲು ಸ್ಕ್ಯಾನರ್ ಇಟ್ಟುಕೊಳ್ಳಿ.

ನಮ್ಮ ಮೊದಲ ಅಳತೆ ತಪ್ಪಾದದ್ದು ಅಂಗಳದಿಂದ. ಮಳೆನೀರು ಗೇಟಿನತ್ತ ಹರಿದು ಹೋಗಲೆಂದು ನಮ್ಮ ಕಡೆಯ ಅಂಗಳಗಳೆಲ್ಲ ಇಳಿಜಾರು. ಕಾರಿನ ಮೂತಿ ತಗ್ಗಿಗಿತ್ತು, ಡಿಪ್‌ಸ್ಟಿಕ್ ಗೆರೆಗಿಂತ ಮೇಲೆ ತೋರಿಸಿತು. ಹಾಕಿದ್ದು ಇಳಿದಷ್ಟೇ ಎಂದು ಪುಸ್ತಕದಲ್ಲಿ ಬರೆದಿದ್ದರಿಂದ ನಾನು ತೆಗೆಯಲು ಒಪ್ಪಲಿಲ್ಲ. ಮರುದಿನ ಚಿಕ್ಕಪ್ಪ ಮನೆ ಕಟ್ಟುವ ಮೇಸ್ತ್ರಿಯೊಬ್ಬರ ನೀರಿನ ಲೆವೆಲ್ ಪೈಪ್ ತಂದರು. ಮುಂದಿನ, ಹಿಂದಿನ ಗಾಲಿಗಳ ನಡುವೆ ಹಿಡಿದು ನೋಡಿದರೆ ಮೂರು ಇಂಚು ವ್ಯತ್ಯಾಸ! ಹಿಂದಿನ ಗಾಲಿ ನಿಲ್ಲುವ ಕಡೆ ಅಂಗಳ ಕೆತ್ತಿ ಮಟ್ಟ ಮಾಡಿ ನೋಡಿದಾಗ ಆಯಿಲ್ ಸರಿಯಾಗಿ ಎರಡು ಗೆರೆಯ ನಡುವೆ ನಿಂತಿತು.

ಕೂಲರ್ ಪೈಪಿನ ದಾರಿ

ಬೆರೆಯಲು ಹೆಚ್ಚು ಬಿಡದೆ ಹಳೆಯದನ್ನು ತಳ್ಳಿ ತೆಗೆಯುವ ಕ್ರಮವೂ ಉಂಟು. ಪ್ಯಾನ್‌ನದ್ದನ್ನು ಇಳಿಸಿ ಹೊಸದು ತುಂಬಿ, ಕೂಲರ್‌ನಿಂದ ಗೇರ್‌ಬಾಕ್ಸಿಗೆ ವಾಪಸ್ ಬರುವ ಹೋಸ್ ಬಿಚ್ಚಿ, ಕೂಲರ್ ಕಡೆಯ ತುದಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ ಬಾಟ್ಲಿಗೆ ಬಿಡಬೇಕು. ಎಂಜಿನ್ ಹಾಕಿದರೆ ಗೇರ್‌ಬಾಕ್ಸಿನ ಪಂಪೇ ತಳ್ಳುತ್ತದೆ. ಒಂದು ಲೀಟರ್ ಬಂದ ಕೂಡಲೇ ಆಫ್, ಒಂದು ಲೀಟರ್ ಹೊಸದು, ಮತ್ತೆ ಆನ್. ಪೈಪಿನಲ್ಲಿ ಗುಳ್ಳೆ ಕಂಡರೆ ತಕ್ಷಣ ನಿಲ್ಲಿಸಬೇಕು, ಪಂಪ್ ಒಣಗಿ ಓಡಿದರೆ ಹಾಳು. ಇಬ್ಬರಿಲ್ಲದೆ ಮಾಡಬೇಡಿ. ಕಲಿಯುವವರಿಗೆ ಮೊದಲಿನ ಕ್ರಮವೇ ಒಳ್ಳೆಯದು, ತಪ್ಪಾದರೂ ತಿದ್ದಲು ಸಮಯ ಇರುತ್ತದೆ.

ಯಾವಾಗ ಬೇಡ

ಚಿಕ್ಕಪ್ಪ ಮೊದಲು ಹೇಳಿದ್ದು, ‘‘ಅದನ್ನು ಮುಟ್ಟುವುದು ಬೇಡ ಮಾರಾಯ, ಹಳೆ ಗಾಡಿಗೆ ಹೊಸ ಆಯಿಲ್ ಹಾಕಿದರೆ ಗೇರ್ ಬೀಳುವುದಿಲ್ಲವಂತೆ.’’ ಈ ಮಾತು ಗ್ಯಾರೇಜುಗಳಲ್ಲಿ ಎಲ್ಲರೂ ಕೇಳಿರುತ್ತೀರಿ. ಇದರ ಹಿಂದೆ ಒಂದು ಕಾರಣ ಇದೆ: ಬಹಳ ಜನ ಆಯಿಲ್ ಬದಲಿಸಲು ಬರುವುದು ಗೇರ್ ಜಾರಲು ಶುರುವಾದ ಮೇಲೆ. ಪ್ಲೇಟುಗಳು ಆಗಲೇ ಸವೆದಿರುತ್ತವೆ, ಕೆಟ್ಟ ಹೆಸರು ಹೊಸ ಆಯಿಲ್‌ಗೆ. ಒಂದು ಹನಿ ಬಿಳಿ ಕಾಗದದ ಮೇಲೆ ಬಿಡಿ. ಕಂದು ಬಣ್ಣಕ್ಕೆ ತಿರುಗಿದ್ದರೂ ವಾಸನೆ ಸರಿಯಿದ್ದು, ಗೇರ್ ಸರಿಯಾಗಿ ಬೀಳುತ್ತಿದ್ದರೆ ಧೈರ್ಯವಾಗಿ ಬದಲಿಸಿ. ಸುಟ್ಟ ವಾಸನೆ ಇದ್ದು, ‘ಡಿ’ಗೆ ಹಾಕಿದ ಮೇಲೆ ಕಾರು ಯೋಚಿಸಿ ಹೊರಡುತ್ತಿದ್ದರೆ ಆಯಿಲ್‌ನಿಂದ ಗುಣವಾಗುವುದಿಲ್ಲ. ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಹತ್ತುವ ಕಾರುಗಳಲ್ಲಿ ತಿರುವು ತಿರುವಿಗೂ ಕನ್ವರ್ಟರ್ ಜಾರಿ ಆಯಿಲ್ ಕಾಯುತ್ತದೆ, ಬೇಗ ಹಾಳಾಗುತ್ತದೆ. ಅಂಥವರು ಕಿಲೋಮೀಟರ್ ಲೆಕ್ಕಕ್ಕೆ ಕಾಯದೆ ಆಗಾಗ ಹನಿ ನೋಡುತ್ತಿರಬೇಕು.

ಪ್ಯಾನ್ ಬಿಚ್ಚದ ಕೆಲಸದಲ್ಲಿ ಒಳಗಿನ ಫಿಲ್ಟರ್ ಹಾಗೇ ಉಳಿಯುತ್ತದೆ, ಪ್ಯಾನ್‌ನ ಅಯಸ್ಕಾಂತವೂ ತೊಳೆದಂತಾಗುವುದಿಲ್ಲ. ಕಾರಿನ ಇತಿಹಾಸ ಗೊತ್ತಿಲ್ಲದಿದ್ದರೆ ಮೊದಲ ಸಲ ಪ್ಯಾನ್ ಬಿಚ್ಚಿಯೇ ನೋಡಿ, ಆಮೇಲಿನವು ಈ ಕ್ರಮದಲ್ಲಿ ನಡೆಯಲಿ.

ಹಳೆಯ ಆಯಿಲ್ ತೋಟದ ಮೂಲೆಗೆ ಚೆಲ್ಲಬೇಡಿ, ಬೇಲಿಯ ಗೂಟಕ್ಕೂ ಹಚ್ಚಬೇಡಿ. ನಮ್ಮ ನೆಲದ ಕೆಂಪುಕಲ್ಲಿನಲ್ಲಿ ತೂತುಗಳೇ ತೂತು, ಮೇಲೆ ಬಿದ್ದದ್ದು ಮಳೆಯ ಜೊತೆ ಇಳಿದು ಬಾವಿಗೆ ಬರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲ್ ಕೂಡ ಸೇರಿದೆ. ಮೂರು ವಾರದ ನಮ್ಮ ಏಳೂವರೆ ಲೀಟರನ್ನು ಮುಚ್ಚಳ ಬಿಗಿದ ಕ್ಯಾನಿನಲ್ಲಿ, ಮರುಸಂಸ್ಕರಣೆಗೆ ಕಳಿಸುವ ವರ್ಕ್‌ಶಾಪಿನ ಡ್ರಮ್ಮಿಗೆ ಕೊಟ್ಟು ಬಂದೆವು.