ಗ್ರೈಂಡಿಂಗ್ ಆದಮೇಲೆ ಹಾರ್ಡ್ ಕ್ರೋಮ್ ಬಿರುಕು ಬಿಡುವುದೇಕೆ?

ಪ್ರಶ್ನೆ: 50 ಮಿ.ಮೀ. ಹೈಡ್ರಾಲಿಕ್ ರಾಡ್‌ಗೆ ಹಾರ್ಡ್ ಕ್ರೋಮ್ (ವಿದ್ಯುತ್ತಿನಿಂದ ಕೂರಿಸುವ ಗಟ್ಟಿ ಕ್ರೋಮಿಯಂ ಲೇಪ) ಹಾಕಿಸಿ ಗ್ರೈಂಡ್ ಮಾಡಿದೆವು. ಬಲೆಯಂತೆ ಬಿರುಕು ಮೂಡಿದೆ, ಒಂದೆರಡು ಕಡೆ ಚಕ್ಕೆಯೂ ಎದ್ದಿದೆ. ತಪ್ಪು ಪ್ಲೇಟಿಂಗ್‌ನವರದೋ, ನಮ್ಮದೋ?

ಉತ್ತರ: ಮೊದಲು ಚಕ್ಕೆ ಎದ್ದ ಜಾಗ ನೋಡಿ. ಅಲ್ಲಿ ಬರೀ ಉಕ್ಕು ಶುಭ್ರವಾಗಿ ಹೊಳೆಯುತ್ತಿದ್ದು, ಅಂಚಿನ ಕ್ರೋಮ್ ಚಾಕುವಿನ ಮೊನೆಗೇ ಕಿತ್ತು ಬಂದರೆ ಪ್ಲೇಟಿಂಗ್ ಅಂಟಿಲ್ಲ. ಎಣ್ಣೆ ಉಳಿದಿರಬಹುದು ಅಥವಾ ಎಚ್ಚಿಂಗ್ (ಲೇಪ ಹಿಡಿಯಲೆಂದು ಉಕ್ಕಿನ ಮೈ ತುಸು ಕೊರೆಯುವುದು) ಸರಿಯಾಗಿಲ್ಲ. ಬಲೆಬಿರುಕು ಮಾತ್ರ ಬಹುಪಾಲು ಗ್ರೈಂಡಿಂಗ್ ಶಾಖದ ಕೆಲಸ.

ಹಾರ್ಡ್ ಕ್ರೋಮ್ ಟ್ಯಾಂಕಿನಿಂದ ಬರುವಾಗಲೇ ಒಳಗೊಳಗೇ ಬಿಗಿದುಕೊಂಡಿರುತ್ತದೆ, ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳೂ ಇರುತ್ತವೆ. ಗಡಸುತನ 65–70 ಎಚ್‌ಆರ್‌ಸಿ (ರಾಕ್‌ವೆಲ್ ಸಿ ಅಳತೆ), ಹಿಗ್ಗಿಸಿದರೆ ತಾಳದು. ಮೊಂಡಾದ ವೀಲ್ ಕತ್ತರಿಸುವ ಬದಲು ಉಜ್ಜುತ್ತದೆ. ಮೇಲ್ಪದರ ಕಾದು ಹಿಗ್ಗಲು ಹೋಗುತ್ತದೆ, ಕೆಳಗಿನ ತಣ್ಣನೆಯ ಲೋಹ ಬಿಡುವುದಿಲ್ಲ. ತಣಿದಾಗ ಅದೇ ಪದರ ಎಳೆದುಕೊಂಡು ಸೀಳುತ್ತದೆ. ಸುಟ್ಟ ಬಣ್ಣ ಕಾಣಲೇಬೇಕೆಂದಿಲ್ಲ.

ಹಾಗಾಗಿ ವೀಲ್ ಆಯ್ಕೆಯೇ ಅರ್ಧ ಕೆಲಸ. ಬಿಳಿ ಅಲ್ಯುಮಿನಿಯಂ ಆಕ್ಸೈಡ್, 60ರಿಂದ 80 ಗ್ರಿಟ್ (ಕಣದ ಗಾತ್ರ), ಐ ಅಥವಾ ಜೆ ಗ್ರೇಡಿನ, ಅಂದರೆ ಕಣಗಳನ್ನು ಸಡಿಲವಾಗಿ ಹಿಡಿದ, ಮೆತ್ತನೆಯ ವೀಲ್ ಹಾಕಿ. ಕ್ರೋಮ್ ಗಟ್ಟಿ ಎಂದು ವೀಲ್ ಕೂಡ ಗಟ್ಟಿಯದೇ ಹಾಕುವುದು ಸಾಮಾನ್ಯ ತಪ್ಪು: ಮೊಂಡಾದ ಕಣ ಉದುರದೆ ಅಲ್ಲೇ ಉಜ್ಜುತ್ತಿರುತ್ತದೆ. ಚೂಪಾದ ಡೈಮಂಡ್‌ನಿಂದ ಪದೇ ಪದೇ ಡ್ರೆಸ್ ಮಾಡಿ (ವೀಲ್‌ನ ಮೈ ಕೆರೆದು ಚೂಪಾಗಿಸಿ), ಸದ್ದು ಬದಲಾಗುವವರೆಗೆ ಕಾಯಬೇಡಿ. ರಫ್‌ಗೆ ಪ್ರತಿ ಪಾಸಿಗೆ 0.01 ಮಿ.ಮೀ. ಮೀರದ ಕಟ್, ಫಿನಿಶ್‌ಗೆ 0.003ರಿಂದ 0.005. 50 ಮಿ.ಮೀ. ರಾಡ್ ನಿಮಿಷಕ್ಕೆ ಸುಮಾರು 115 ಸುತ್ತು ತಿರುಗಿದರೆ ಸಾಕು. ಕೂಲಂಟ್ ಧಾರಾಳವಾಗಿ, ನೇರವಾಗಿ ವೀಲ್ ತಾಗುವ ಜಾಗಕ್ಕೇ ಬೀಳಬೇಕು. ಕೂಲಂಟನ್ನು ನಡುನಡುವೆ ನಿಲ್ಲಿಸಿ ಮತ್ತೆ ಬಿಟ್ಟರೆ ಬಿರುಕಿನ ಸಾಧ್ಯತೆ ಹೆಚ್ಚು.

ಇನ್ನೊಂದು, ಸೆಂಟರ್ (ರಾಡನ್ನು ಹಿಡಿದು ತಿರುಗಿಸಲು ಎರಡೂ ತುದಿಯ ನಡುವೆ ಕೊರೆದ ತೂತು). ಪ್ಲೇಟಿಂಗ್‌ಗೆ ಮುಂಚೆ ಗ್ರೈಂಡ್ ಮಾಡಿದ ಸೆಂಟರ್ ತೂತುಗಳಲ್ಲೇ ಮತ್ತೆ ಕೂರಿಸಿ, ತೂತಿನೊಳಗಿನ ಕ್ರೋಮ್ ಗುಳ್ಳೆ ತೆಗೆದು, ಡಯಲ್ (ಓಲಾಟ ಅಳೆಯುವ ಗೇಜ್) ಹಾಕಿ ನೋಡಿ. ಡಯಲ್‌ನಲ್ಲಿ 0.05 ಮಿ.ಮೀ. ಓಲಾಟ ಇದ್ದರೆ ಒಂದು ಮಗ್ಗುಲಲ್ಲಿ ಕ್ರೋಮ್ 25 ಮೈಕ್ರಾನ್ ಕಡಿಮೆಯಾಗುತ್ತದೆ. ಕೊನೆಗೆ ಉಳಿಯಬೇಕಾದ ದಪ್ಪವೇ 25 ಮೈಕ್ರಾನ್ ಆಗಿದ್ದರೆ ಅಲ್ಲಿ ಉಕ್ಕು ಬತ್ತಲಾಗುತ್ತದೆ.

ರಾಡ್ 40 ಎಚ್‌ಆರ್‌ಸಿ ಮೀರಿ ಗಡಸು ಮಾಡಿದ್ದಾದರೆ, ಪ್ಲೇಟಿಂಗ್ ಆದ 4 ಗಂಟೆಯೊಳಗೆ 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಕಷ್ಟು ಹೊತ್ತು ಬೇಕ್ ಮಾಡಿದ್ದಾರೆಯೇ (ಒಲೆಯಲ್ಲಿಟ್ಟು ಕಾಯಿಸಿದ್ದಾರೆಯೇ) ಎಂದು ಗ್ರೈಂಡಿಂಗ್‌ಗೆ ಮುಂಚೆಯೇ ಕೇಳಿ. ಒಳಗೆ ಸೇರಿದ ಹೈಡ್ರೋಜನ್ ಉಕ್ಕನ್ನೇ ಪೆಡಸು ಮಾಡುತ್ತದೆ.

ಈಗಾಗಲೇ ಬಿರುಕಿರುವ ರಾಡನ್ನು ಪಾಲಿಶ್ ಹೊಡೆದು ಕಳಿಸಬೇಡಿ. ಚಕ್ಕೆ ಕಿತ್ತು ಸೀಲ್ ಹರಿಯುತ್ತದೆ. ಕ್ಷಾರದ ದ್ರಾವಣದಲ್ಲಿ ಕರೆಂಟ್ ತಿರುಗುಮುರುಗಾಗಿಸಿ ಕ್ರೋಮ್ ಕಳಚಿಸಿ, ಉಕ್ಕಿಗೆ ಬಿರುಕು ಇಳಿದಿಲ್ಲವೆಂದು ಡೈ ಪೆನೆಟ್ರಂಟ್‌ನಿಂದ (ಬಿರುಕಿಗೆ ಇಳಿದು ಅದನ್ನು ಎತ್ತಿ ತೋರಿಸುವ ಬಣ್ಣದ ದ್ರವ) ನೋಡಿಕೊಂಡೇ ಮತ್ತೆ ಪ್ಲೇಟಿಂಗ್‌ಗೆ ಕೊಡಿ.