ಗಾಯ ಮಾಯ್ದ ಜಾಗದಲ್ಲಿ ಹಚ್ಚೆ

ಹೊಟ್ಟೆಯ ಶಸ್ತ್ರಚಿಕಿತ್ಸೆಯ ಹಳೆಯ ಗುರುತನ್ನು ಓರೆಯಾಗಿ ಬೀಳುವ ಬೆಳಕಿನಲ್ಲಿ ನೋಡಿದರೆ ಅದು ಸುತ್ತಲಿನ ಚರ್ಮಕ್ಕಿಂತ ನುಣುಪಾಗಿ ಹೊಳೆಯುತ್ತದೆ. ಅಲ್ಲಿ ರೋಮಗಳಿಲ್ಲ, ಬೆವರಿನ ರಂಧ್ರಗಳಿಲ್ಲ, ಚರ್ಮದ ಮೇಲೆ ಸಹಜವಾಗಿರುವ ಸೂಕ್ಷ್ಮ ಗೆರೆಗಳ ಜಾಲವೂ ಅಳಿಸಿಹೋಗಿರುತ್ತದೆ. ಇಂಥ ಜಾಗವನ್ನು ಚಿತ್ರದಿಂದ ಮುಚ್ಚಬೇಕೆಂಬ ಆಸೆ ಅನೇಕರಿಗಿದೆ, ಮತ್ತು ಅದು ಗೌರವಕ್ಕೆ ಅರ್ಹವಾದ ಆಸೆ. ಆದರೆ ಹಚ್ಚೆಯ ಸೂಜಿ ಅಲ್ಲಿ ಎದುರಿಸುವುದು ಬೇರೆಯದೇ ಆದ ಅಂಗಾಂಶವನ್ನು.

ಆರೋಗ್ಯವಾಗಿರುವ ಒಳಚರ್ಮದಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಬುಟ್ಟಿಯ ಹೆಣಿಗೆಯಂತೆ ಎಲ್ಲ ದಿಕ್ಕುಗಳಿಗೂ ಹಾಯ್ದಿರುತ್ತವೆ. ಗಾಯವಾದಾಗ ದೇಹಕ್ಕೆ ಬಿರುಕನ್ನು ಬೇಗ ಮುಚ್ಚುವುದೇ ಮುಖ್ಯ. ಆದ್ದರಿಂದ ಅದು ಮೊದಲು ಮೂರನೆಯ ಬಗೆಯ ತೆಳುವಾದ ಕೊಲಾಜೆನ್ನನ್ನು ಅವಸರದಲ್ಲಿ ತುಂಬಿ, ಆಮೇಲೆ ತಿಂಗಳುಗಟ್ಟಲೆ ಅದನ್ನು ಒಡೆಯುತ್ತ, ಅದರ ಬದಲಿಗೆ ಮೊದಲನೆಯ ಬಗೆಯ ಗಟ್ಟಿ ಎಳೆಗಳನ್ನು ಬಹುಮಟ್ಟಿಗೆ ಒಂದೇ ದಿಕ್ಕಿನ ಕಟ್ಟುಗಳಾಗಿ ಜೋಡಿಸುತ್ತದೆ. ಎಷ್ಟೇ ಕಾಲ ಕಳೆದರೂ ಆ ಜಾಗದ ಬಲ ಮೂಲ ಚರ್ಮದ ಸುಮಾರು ಶೇ. 80ನ್ನು ದಾಟುವುದಿಲ್ಲ.

ಹಚ್ಚೆ ಹಾಕುವ ಸೂಜಿ ಹೊರಚರ್ಮವನ್ನು ದಾಟಿ, ಒಂದರಿಂದ ಎರಡು ಮಿಲಿಮೀಟರ್ ಆಳದಲ್ಲಿ ಶಾಯಿಯನ್ನು ಬಿಡುತ್ತದೆ. ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಆ ಕಣಗಳನ್ನು ನುಂಗುತ್ತವೆ, ಆದರೆ ಜೀರ್ಣಿಸಿಕೊಳ್ಳಲಾರವು. ಒಂದು ಕೋಶ ಸತ್ತು ಬಣ್ಣವನ್ನು ಹೊರಗೆ ಬಿಟ್ಟರೆ ಹೊಸ ಕೋಶ ಅದನ್ನು ಮತ್ತೆ ನುಂಗುತ್ತದೆ ಎಂಬುದನ್ನು ಫ್ರಾನ್ಸಿನ ಸಂಶೋಧಕರು 2018ರಲ್ಲಿ ಇಲಿಗಳಲ್ಲಿ ತೋರಿಸಿದರು. ಹಚ್ಚೆ ದಶಕಗಳ ಕಾಲ ಉಳಿಯುವುದರ ಹಿಂದೆ ಹೀಗೆ ಕೈಯಿಂದ ಕೈಗೆ ದಾಟಿಸುವ ಕೆಲಸವಿದೆ.

ಗಾಯದ ಕಲೆಯಲ್ಲಿ ಈ ಲೆಕ್ಕ ತಪ್ಪುತ್ತದೆ. ಎಳೆಗಳು ದಟ್ಟವಾಗಿರುವ ಕಡೆ ಶಾಯಿ ಸರಿಯಾಗಿ ಹಿಡಿಯದೆ, ಬಣ್ಣ ತೇಪೆ ತೇಪೆಯಾಗಿ ಉಳಿಯುತ್ತದೆ; ಚರ್ಮ ತೆಳುವಾಗಿರುವ ಕಡೆ ಅದೇ ಒತ್ತಡಕ್ಕೆ ಸೂಜಿ ಆಳಕ್ಕಿಳಿದು, ಶಾಯಿ ಕೆಳಗಿನ ಕೊಬ್ಬಿನ ಪದರಕ್ಕೆ ಹರಡಿ, ಗೆರೆಯ ಸುತ್ತ ನೀಲಿ ಮಸುಕು ಮೂಡುತ್ತದೆ. ಒಂದೇ ಕಲೆಯೊಳಗೆ ಎರಡು ಅಂಗುಲದ ಅಂತರದಲ್ಲಿ ಇವೆರಡೂ ಆಗಬಹುದು. ನೋವೂ ಅಷ್ಟೇ: ನರಗಳು ಹೇಗೆ ಮರಳಿ ಬೆಳೆದಿವೆ ಎಂಬುದರ ಮೇಲೆ ಒಂದು ಕಡೆ ಜೋಮು, ಇನ್ನೊಂದು ಕಡೆ ತೀವ್ರ ಉರಿ.

ಗಾಯ ಮಾಯ್ದ ಮಾತ್ರಕ್ಕೆ ಕಲೆ ಮಾಗಿದೆ ಎಂದಲ್ಲ. ಕೆಂಪಾಗಿರುವ ಕಲೆಯನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಅದು ಕ್ಷಣಕಾಲ ಬಿಳಿಚಿಕೊಂಡು ಮತ್ತೆ ಕೆಂಪೇರುತ್ತದೆ. ದುರಸ್ತಿಗೆಂದು ಬೆಳೆದ ರಕ್ತನಾಳಗಳು ಇನ್ನೂ ಅಲ್ಲಿವೆ, ಕೆಲಸ ನಡೆಯುತ್ತಿದೆ ಎಂಬುದಕ್ಕೆ ಅದು ಸೂಚನೆ. ಕಲೆ ಮೆತ್ತಗಾಗಿ, ಬಣ್ಣ ತಿಳಿಯಾಗಿ, ಚಪ್ಪಟೆಯಾಗಲು ಸಾಮಾನ್ಯವಾಗಿ ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷ ಬೇಕು. ಅಲ್ಲಿಯವರೆಗೆ ಕಾಯುವುದು ಅತ್ಯಗತ್ಯವೆಂದೇ ನಾನು ನಂಬಿದ್ದೇನೆ.

ಎಷ್ಟು ಕಾದರೂ ಸೂಜಿ ಮುಟ್ಟಬಾರದ ಕಲೆಗಳೂ ಇವೆ. ಉಬ್ಬಿದ ಕಲೆ ಮೂಲ ಗಾಯದ ಗಡಿಯೊಳಗೇ ಇದ್ದರೆ ಅದು ಹೈಪರ್‌ಟ್ರೋಫಿಕ್. ಗಡಿ ಮೀರಿ ಸುತ್ತಲಿನ ಒಳ್ಳೆಯ ಚರ್ಮಕ್ಕೂ ಚಾಚಿಕೊಂಡರೆ ಅದು ಕೀಲಾಯ್ಡ್. ಹಚ್ಚೆಯೆಂದರೆ ಸಾವಿರಾರು ಸಣ್ಣ ಗಾಯಗಳು, ಆದ್ದರಿಂದ ಕೀಲಾಯ್ಡ್‌ನ ಪ್ರವೃತ್ತಿ ಇರುವವರಲ್ಲಿ ಅವು ಹೊಸ ಗಂಟುಗಳನ್ನು ಎಬ್ಬಿಸಬಹುದು. ಚರ್ಮದ ಕ್ಯಾನ್ಸರ್ ತೆಗೆದ ಜಾಗವನ್ನು ವೈದ್ಯರು ವರ್ಷಗಟ್ಟಲೆ ಬರಿಗಣ್ಣಿನಿಂದ ಪರೀಕ್ಷಿಸಬೇಕಾಗಿರುತ್ತದೆ. ಗಾಢ ಬಣ್ಣ ಅಲ್ಲಿ ಮರಳಿ ಬರುವ ಗುರುತನ್ನೇ ಮುಚ್ಚಿಬಿಡುತ್ತದೆ.

ಇಷ್ಟೆಲ್ಲ ಎಚ್ಚರಿಕೆಗಳ ನಡುವೆಯೂ ಈ ಕೆಲಸ ಚೆನ್ನಾಗಿ ಆಗುತ್ತದೆ. ಸ್ತನ ಕ್ಯಾನ್ಸರಿನ ಬಳಿಕ ಮರುರೂಪಿಸಿದ ಎದೆಯ ಮೇಲೆ, ಹೊಲಿಗೆಯ ಗುರುತುಗಳ ನಡುವೆಯೇ, ನೆರಳು ಬೆಳಕಿನ ಲೆಕ್ಕದಿಂದ ಮೊಲೆತೊಟ್ಟಿನ ಉಬ್ಬನ್ನು ಕಣ್ಣಿಗೆ ಕಟ್ಟುವಂತೆ ಮೂಡಿಸುವ ಹಚ್ಚೆ ಇಂದು ಚಿಕಿತ್ಸೆಯ ಭಾಗವಾಗಿದೆ. ಶಾಯಿಗೆ ಬಣ್ಣವನ್ನು ಬದಲಿಸುವ ಶಕ್ತಿಯಿದೆಯೇ ಹೊರತು ಉಬ್ಬುತಗ್ಗುಗಳನ್ನು ಸಮ ಮಾಡುವ ಶಕ್ತಿಯಿಲ್ಲವಾದ್ದರಿಂದ, ಕಲೆಯನ್ನು ಅಡ್ಡ ಹಾಯುವ ನೇರ ಗೆರೆ ಮುರಿದಂತೆ ಕಾಣುತ್ತದೆ. ಎಲೆ, ಗರಿ, ತೊಗಟೆಯಂಥ ಏರುಪೇರಿನ ಆಕೃತಿಗಳು ಆ ಉಬ್ಬನ್ನು ತಮ್ಮೊಳಗೆ ಸೇರಿಸಿಕೊಳ್ಳುತ್ತವೆ. ನುರಿತ ಕಲಾವಿದರು ಇಡೀ ಚಿತ್ರವನ್ನು ಒಮ್ಮೆಲೇ ಹಾಕಲು ಹೋಗದೆ, ಕಲೆಯ ಒಂದು ಮೂಲೆಯಲ್ಲಿ ನಾಲ್ಕು ಚುಕ್ಕೆಗಳನ್ನಷ್ಟೇ ಇಟ್ಟು ಕೆಲವು ವಾರ ಬಿಡುತ್ತಾರೆ. ಚುಕ್ಕೆ ಹರಡಿದೆಯೇ, ಮಾಸಿದೆಯೇ, ಸುತ್ತಲಿನ ಚರ್ಮ ಉಬ್ಬಿದೆಯೇ ಎಂದು ಬೆರಳಿನಿಂದ ಸವರಿ ನೋಡಿದ ಮೇಲೆಯೇ ಮುಂದಿನ ಗೆರೆ.